ಡಬ್ ಅಂದದ್ದು ಚಪ್ಪಡಿ, ಪಟ್ ಅಂದದ್ದು ಗಿಡ

"ಹೊರಗೆ!" ಎಂದರು ಲೆಕ್ಕದ ಮಿಸ್.

"ಮಿಸ್, ನಾನು ಬರೀ ಸ್ಕೇಲ್ ಕೇಳಿದ್ದು..."

"ಸ್ಕೇಲ್ ಕೇಳೋಕೆ ಹತ್ತು ನಿಮಿಷ ಬೇಕಾ? ನಡಿ ಹೊರಗೆ."

ಪಿಟೀಲು ಹೊರಗೆ ಬಂದು ವರಾಂಡದ ಕಂಬಕ್ಕೆ ಒರಗಿ ನಿಂತಳು. ಈ ವಾರದಲ್ಲಿ ಇದು ನಾಲ್ಕನೇ ಸಲ. ಆ ಕಂಬದಲ್ಲಿ ಅವಳ ಬೆನ್ನಿನಷ್ಟು ಅಗಲಕ್ಕೆ ಸುಣ್ಣವೇ ಉಳಿದಿರಲಿಲ್ಲ. ಎಲ್ಲ ಅವಳ ಯೂನಿಫಾರ್ಮಿಗೆ ಬಂದಿತ್ತು.

ಪಿಟೀಲು ಅವಳ ನಿಜವಾದ ಹೆಸರಲ್ಲ. ಬಾಯಿ ತೆರೆದರೆ ಒಂದೇ ಸಮನೆ ಕುಯ್ಯುತ್ತಾಳೆ ಎಂದು ಪಕ್ಕದಲ್ಲಿ ಕೂರುವ ಹುಡುಗಿ ಇಟ್ಟ ಹೆಸರು. ಸೇಡು ತೀರಿಸಿಕೊಳ್ಳಲು ಪಿಟೀಲು ಆ ಹುಡುಗಿಗೆ ಕನ್ನಡಕ ಎಂದು ಹೆಸರಿಟ್ಟಳು. ಇಬ್ಬರೂ ಗೆಳತಿಯರು.

ಆದರೆ ಈ ಪಿಟೀಲು ನುಡಿಯುತ್ತಿದ್ದದ್ದು ಓರಗೆಯವರ ಮುಂದೆ ಮಾತ್ರ. ದೊಡ್ಡ ಮನುಷ್ಯರು ಎದುರಿಗೆ ಬಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಮ್ಮೆ ಹೆಡ್‌ಮಾಸ್ಟರ್ "ನಿನ್ನ ಹೆಸರೇನಮ್ಮಾ?" ಎಂದು ಕೇಳಿದಾಗ ಅವಳು "ಪ್ರೆಸೆಂಟ್ ಸಾರ್" ಎಂದಿದ್ದಳು.

ಈಗ ಅದೇ ಹೆಡ್‌ಮಾಸ್ಟರ್ ಕಾರು ಹತ್ತುತ್ತಿದ್ದರು. ಪಿಟೀಲು ಕಂಬದ ಹಿಂದೆ ಸರಿದಳು.

ಹೆಡ್‌ಮಾಸ್ಟರ್ ಕಾರನ್ನು ಹಿಂದಕ್ಕೆ ತೆಗೆಯುವುದಕ್ಕೆ ಒಂದು ಪದ್ಧತಿಯಿತ್ತು. ಅವರು ಕನ್ನಡಿ ನೋಡುತ್ತಿರಲಿಲ್ಲ, ಕತ್ತು ತಿರುಗಿಸುತ್ತಿರಲಿಲ್ಲ. ವಾಚ್‌ಮನ್ ಮಾಮ ಹಿಂದೆ ನಿಂತು "ಬರ್ಲಿ ಬರ್ಲಿ ಬರ್ಲಿ" ಎನ್ನುತ್ತಿದ್ದ. "ಸಾಕ್ ಸಾರ್" ಎಂದಾಗ ಹೆಡ್‌ಮಾಸ್ಟರ್ ಬ್ರೇಕ್ ಒತ್ತುತ್ತಿದ್ದರು. ಎಷ್ಟೋ ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಇವತ್ತು ವಾಚ್‌ಮನ್ ಮಾಮ ಕಾರಿನ ಹಿಂದೆ ಇರಲಿಲ್ಲ. ಗೇಟಿನ ಪಕ್ಕ ಏಣಿ ಹತ್ತಿ ಶಾಲೆಯ ಹೆಸರಿನ ಅಕ್ಷರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ. ನಾಳೆ ದೊಡ್ಡ ಮೇಡಂ ಬರುವವರಿದ್ದರು. ಊರಿನ ಎಲ್ಲ ಶಾಲೆಗಳ ಮೇಲಿನ ಅಧಿಕಾರಿ ಅವರು. ಅವರು ಬರುತ್ತಾರೆ ಎಂದರೆ ಅಕ್ಷರಗಳೂ ಸ್ನಾನ ಮಾಡಬೇಕಿತ್ತು.

ಕಾರು ಸ್ಟಾರ್ಟ್ ಆಯಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಏಣಿಯ ಮೇಲಿದ್ದ ವಾಚ್‌ಮನ್ ಮಾಮನ ಬಾಯಿ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡಿತು. ಗೋಡೆಗೆ ಮುಖ ಮಾಡಿಕೊಂಡೇ ಅವನು ಕೂಗಿದ, "ಬರ್ಲಿ ಬರ್ಲಿ ಬರ್ಲಿ ಬರ್ಲಿ!"

ಹೆಡ್‌ಮಾಸ್ಟರ್ ಬಂದರು.

ಮೊದಲು "ಡಬ್" ಎಂದಿತು. ಅದು ಚರಂಡಿಯ ಮೇಲಿನ ಚಪ್ಪಡಿ. ಅದು ದಿನಾ ಡಬ್ ಎನ್ನುತ್ತದೆ.

ಆಮೇಲೆ "ಪಟ್" ಎಂದಿತು.

ವಾಚ್‌ಮನ್ ಮಾಮನಿಗೆ ತಾನು ಏಣಿಯ ಮೇಲಿದ್ದೇನೆ ಎನ್ನುವುದು ಆಗ ನೆನಪಾಯಿತು. "ಸಾಕ್! ಸಾಕ್ ಸಾರ್!" ಎಂದು ಕೂಗಿಕೊಂಡ. ಹೆಡ್‌ಮಾಸ್ಟರ್ ಬ್ರೇಕ್ ಒತ್ತಿದರು, ಗೇರ್ ಬದಲಾಯಿಸಿದರು, ಮೀಸೆ ನೀವಿಕೊಂಡರು, ಮುಂದೆ ನೋಡುತ್ತಾ ಗೇಟು ದಾಟಿ ಹೊರಟುಹೋದರು. ಅವರು ಬ್ಯಾನರ್ ತರಲು ಹೋಗಬೇಕಿತ್ತು.

ವಾಚ್‌ಮನ್ ಮಾಮ ಏಣಿಯಿಂದ ಮೆಲ್ಲಗೆ ತಿರುಗಿ ನೋಡಿದ. ಪಿಟೀಲೂ ನೋಡಿದಳು. ಅವಳನ್ನು ನೋಡಿದ ವಾಚ್‌ಮನ್ ಮಾಮ ಚಟಕ್ಕನೆ ಗೋಡೆಯ ಕಡೆ ತಿರುಗಿ, ಆಗಲೇ ಹೊಳೆಯುತ್ತಿದ್ದ ಅಕ್ಷರವನ್ನು ಮತ್ತೆ ಒರೆಸತೊಡಗಿದ.

ನೆಲಕ್ಕೆ ಒರಗಿ ಬಿದ್ದದ್ದು ಅಂತಿಂಥ ಗಿಡವಲ್ಲ.

ಶಾಲೆಗೆ ಯಾರು ದೊಡ್ಡವರು ಬಂದರೂ ಒಂದು ಸಸಿ ನೆಡುತ್ತಿದ್ದರು. ನೆಡುತ್ತಿದ್ದದ್ದು ಒಂದೇ ಗುಂಡಿಯಲ್ಲಿ. ಒಬ್ಬರು ನೆಟ್ಟದ್ದು ಒಣಗುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದುದರಿಂದ ಹೊಸ ಗುಂಡಿ ತೋಡುವ ಪ್ರಸಂಗವೇ ಬಂದಿರಲಿಲ್ಲ. ಹೋದ ವರ್ಷ ದೊಡ್ಡ ಮೇಡಂ ಬಂದಾಗ ನೆಟ್ಟ ಸಸಿ ಮಾತ್ರ ಬದುಕಿಕೊಂಡಿತು. ಬದುಕಿಕೊಂಡಿತು ಎಂದರೆ, ಪಿಟೀಲುವಿನ ತಾತ ಬದುಕಿಸಿದ. ರಜೆಯಲ್ಲೂ ಬಂದು ನೀರು ಹಾಕಿದ. ಮಗುವಿಗೆ ಹೇಳುವ ಹಾಗೆ ಅದಕ್ಕೆ ಬುದ್ಧಿ ಹೇಳಿದ. ಈಗ ಅದು ಪಿಟೀಲುವಿನ ಭುಜದಷ್ಟು ಎತ್ತರವಿತ್ತು.

ತಾತ ಆ ಶಾಲೆಯ ಮಾಲಿ.

*

ಮಧ್ಯಾಹ್ನ ಹೆಡ್‌ಮಾಸ್ಟರ್ ಬ್ಯಾನರ್ ಹಿಡಿದುಕೊಂಡು ವಾಪಸ್ ಬಂದರು. ಗಿಡ ನೋಡಿದರು. ಬ್ಯಾನರ್ ಕೆಳಗೆ ಬಿತ್ತು.

"ಯಾರ ಕೆಲಸ ಇದು?"

ಆ ಕೂಗಿಗೆ ಮೂರು ಕ್ಲಾಸಿನ ಮಕ್ಕಳು ಕಿಟಕಿಗೆ ಬಂದರು. ತಾತ ಕಟ್ಟಡದ ಹಿಂದಿನಿಂದ ಓಡಿ ಬಂದ. ಅವನ ಕೈಯಲ್ಲಿ ಗೊಬ್ಬರ ತುಂಬಿದ ತಳ್ಳುಗಾಡಿ ಇತ್ತು. ಅದೇ ತಪ್ಪಾಯಿತು.

"ಈ ಗಾಡೀನ ಹತ್ತಿಸಿದೀಯಲ್ಲಯ್ಯಾ ಗಿಡದ ಮೇಲೆ!"

"ಇಲ್ಲ ಸಾರ್, ನಾನು ಹಿಂದ್ಗಡೆ..."

"ಎದುರು ಮಾತಾಡ್ಬೇಡ! ನಾಳೆ ಮೇಡಂ ಬಂದು ಇದರ ಪಕ್ಕ ನಿಂತು ಫೋಟೋ ತೆಗೆಸ್ಕೋತಾರೆ. ನಾನೇನು ತೋರಿಸ್ಲಿ? ನಿನ್ನ ಗಾಡಿನಾ? ಅವರು ಕೇಳಿದ್ರೆ ನೀನೇ ಮುಂದೆ ಬಂದು ನನ್ನ ತಪ್ಪು ಅಂತ ಒಪ್ಕೋಬೇಕು. ನಾಡಿದ್ದಿಂದ ಬೇರೆ ಕೆಲಸ ನೋಡ್ಕೋ."

ಪಿಟೀಲು ಕಿಟಕಿಯ ಸರಳು ಹಿಡಿದು ಕಾಯುತ್ತಿದ್ದಳು. ತಾತ ಈಗ ಹೇಳುತ್ತಾನೆ. ತಾತನನ್ನು ಅವಳು ಬಲ್ಲಳು. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು, ಓಣಿಯವರಿಗೆಲ್ಲ ಕೇಳುವ ಹಾಗೆ ದೇವರ ಹತ್ತಿರ ಮಾತಾಡುವವನು ಅವನು. "ದೇವರು ನಮ್ಮ ಬೆನ್ನ ಹಿಂದೆ ನಿಂತಿರ್ತಾನೆ ಮಗಾ. ಎದುರಿಗೆ ಯಾವ ರಾಜ ಇದ್ರೂ ಸತ್ಯ ಹೇಳೋಕೆ ಹೆದರಬಾರದು" ಎಂದು ಅವಳಿಗೆ ನೂರು ಸಲ ಹೇಳಿದವನು.

ತಾತ ಎರಡೂ ಕೈ ಕಟ್ಟಿಕೊಂಡು ಹೇಳಿದ, "ಆಗ್ಲಿ ಸಾರ್."

ಪಿಟೀಲುವಿಗೆ ಕಿವಿ ಬಿಸಿಯಾಯಿತು.

"ನಿಮ್ಮ ತಾತ ಯಾಕೆ ಸುಮ್ನಾದ್ರು?" ಎಂದಳು ಕನ್ನಡಕ. ಪಿಟೀಲು ಉತ್ತರ ಕೊಡಲಿಲ್ಲ. ಹುಷಾರಿಲ್ಲವೇನೋ ಎಂದು ಕನ್ನಡಕ ಅವಳ ಹಣೆ ಮುಟ್ಟಿ ನೋಡಿದಳು.

*

"ಗಿಡ ಮುರಿದಿದ್ದು ಹೆಡ್‌ಮಾಸ್ಟರ್ ಕಾರು" ಎಂದಳು ಪಿಟೀಲು, ಸಂಜೆ ಮನೆಯಲ್ಲಿ.

ತಾತ ಕಾಲಿನ ಮಣ್ಣು ತೊಳೆಯುತ್ತಿದ್ದ. "ಗೊತ್ತು. ಟೈರಿನ ಗುರುತು ನೋಡ್ದೆ."

"ಗೊತ್ತಾ? ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಗಿಡ ಎದ್ದು ನಿಲ್ಲುತ್ತಾ?"

"ದೇವರು ಬೆನ್ನ ಹಿಂದೆ ನಿಂತಿರ್ತಾನೆ ಅಂತಿದ್ಯಲ್ಲ!"

ತಾತ ಕಾಲು ತೊಳೆಯುವುದನ್ನು ನಿಲ್ಲಿಸಿದ. ಬಲಗಾಲಿನ ಮಣ್ಣು ಹೋಗಿತ್ತು, ಎಡಗಾಲಿನದು ಇನ್ನೂ ಇತ್ತು. "ನಿಂತಿರ್ತಾನೆ" ಎಂದ. "ಆದ್ರೆ ಈ ವಯಸ್ಸಲ್ಲಿ ಕೆಲಸ ಹುಡುಕ್ಕೊಂಡು ಬೀದಿ ಬೀದಿ ಅಲೆಯೋನು ನಾನು ತಾನೆ? ಅವನಿಗೆ ವಯಸ್ಸಾಗಲ್ಲ."

"ಆ ಕೆಲಸ ಹೇಗೂ ಹೋಯ್ತಲ್ಲ?"

"ಇನ್ನು ಎರಡು ದಿನ ಬಿಟ್ಟು ಕೈಕಾಲು ಹಿಡ್ಕೊಂಡ್ರೆ ವಾಪಸ್ ತಗೋಬಹುದು."

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಅಮ್ಮ ಮನೆಯಲ್ಲೂ ಬಟ್ಟೆ ಮಡಿಸುತ್ತಲೇ ಇದ್ದಳು. ಮೂಲೆಗೆ ಮೂಲೆ ಕೂಡಿಸುತ್ತಾ ಹೇಳಿದಳು, "ನೀನು ಮಧ್ಯೆ ತಲೆ ಹಾಕ್ಬೇಡ. ಕ್ಲಾಸಿನಿಂದ ಹೊರಗೆ ಹಾಕಿಸ್ಕೊಳ್ಳೋದು ಸಾಲದು ಅಂತ ಸ್ಕೂಲಿನಿಂದಲೂ ಹಾಕಿಸ್ಕೊಳ್ತೀಯಾ?"

"ನಾನು ಹೊರಗಿದ್ದಿದ್ದಕ್ಕೆ ತಾನೆ ಕಂಡಿದ್ದು?"

ಅಮ್ಮ ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮಾರನೆಯ ಬೆಳಿಗ್ಗೆ ತಾತ ಅಂಗಳದಲ್ಲಿ ದೇವರ ಹತ್ತಿರ ಮಾತಾಡಲಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹಾಗಾಗಿ ಆ ಕೆಲಸ ಪಿಟೀಲುವಿನ ಪಾಲಿಗೆ ಬಂತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅವಳು ಅಂಗಳದಲ್ಲಿ ನಿಂತಳು.

"ದೇವರೇ, ಇವತ್ತು ಹೆಡ್‌ಮಾಸ್ಟರ್ ಹತ್ರ ಹೋಗಿ ನಿಜ ಹೇಳ್ತೀನಿ. ನೀನೇ ಹೇಳಿದ್ರೆ ಇನ್ನೂ ಒಳ್ಳೇದು. ನೀನು ಹೇಳಿದ್ರೆ ಅವರು ಎದುರು ಮಾತಾಡಲ್ಲ. ಆಗಲ್ಲ ಅಂದ್ರೆ ನನಗೆ ಧೈರ್ಯ ಕೊಡು. ಕೈಕಾಲು ನಡುಗಬಾರದು, ನಾಲಿಗೆ ಅಂಟಬಾರದು, ಅಳು ಬರಬಾರದು. ಅಷ್ಟೇ. ಬೇರೆ ಏನೂ ಕೇಳಲ್ಲ. ಈ ವರ್ಷ."

ನೊರೆಯ ನಡುವೆ ಇದು ಎಷ್ಟು ಕೇಳಿಸಿತೋ ದೇವರಿಗೇ ಗೊತ್ತು. ಅವಳು ಬಾಯಿ ಮುಕ್ಕಳಿಸಿ ಎರಡನೇ ಸಲ ಸ್ಪಷ್ಟವಾಗಿ ಹೇಳಿದಳು.

ಶಾಲೆಗೆ ಹೋಗುವ ದಾರಿಯಲ್ಲಿ, ಧೈರ್ಯ ಬಂದಿದೆಯೋ ಇಲ್ಲವೋ ನೋಡೋಣ ಎನಿಸಿತು. ಬೇಕರಿಯ ಮುಂದೆ ಮಲಗಿರುವ ಕಂದು ನಾಯಿಯನ್ನು ಕಂಡರೆ ಅವಳು ದಿನಾ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಿದ್ದಳು. ಇವತ್ತು ಈ ಕಡೆಯಿಂದಲೇ ನಡೆದಳು. ನಾಯಿ ಒಂದು ಕಣ್ಣು ತೆರೆಯಿತು. ಪಿಟೀಲು ಎಷ್ಟು ಜೋರಾಗಿ ಓಡಿದಳೆಂದರೆ ನಾಯಿಗೂ ಗಾಬರಿಯಾಗಿ ಅದು ಇನ್ನೊಂದು ದಿಕ್ಕಿಗೆ ಓಡಿತು.

ಇನ್ನೂ ಬಂದಿಲ್ಲ.

ಶಾಲೆಯ ಗೇಟಿನಲ್ಲಿ ಲೆಕ್ಕದ ಮಿಸ್ ಸಿಕ್ಕರು. "ಗುಡ್ ಮಾರ್ನಿಂಗ್ ಮಿಸ್" ಎಂದು ಗಟ್ಟಿಯಾಗಿ ಹೇಳೋಣ ಎಂದುಕೊಂಡಳು. ಬಂದದ್ದು ಬಿಕ್ಕಳಿಕೆ.

ಇನ್ನೂ ಇಲ್ಲ.

"ನೀನು ಟೈಮ್ ಹೇಳಿದ್ಯಾ?" ಎಂದು ಕೇಳಿದಳು ಕನ್ನಡಕ, ವಿಷಯ ತಿಳಿದ ಮೇಲೆ.

"ಯಾವ ಟೈಮು?"

"ಎಷ್ಟು ಗಂಟೆ ಒಳಗೆ ಬೇಕು ಅಂತ ಹೇಳ್ಬೇಕು ಕಣೇ. ಲೋಕದಲ್ಲಿ ಎಷ್ಟು ಜನ ಕೇಳ್ತಿರ್ತಾರೆ! ಟೈಮ್ ಹಾಕ್ದೆ ಇದ್ರೆ ನಿಂದು ಸಾಯಂಕಾಲಕ್ಕೆ ಬರುತ್ತೆ. ಮೇಡಂ ಬರೋದು ಹತ್ತು ಗಂಟೆಗೆ."

ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ ಆಗಿತ್ತು.

"ನೀನೂ ಬಾರೇ ಜೊತೆಗೆ" ಎಂದಳು ಪಿಟೀಲು.

"ನಾನು ಇಲ್ಲಿಂದಲೇ ನಿನಗೋಸ್ಕರ ಕೇಳ್ಕೋತೀನಿ" ಎಂದು ಕನ್ನಡಕ ಬೆಂಚಿನ ಮೇಲೆ ಗಟ್ಟಿಯಾಗಿ ಕೂತುಕೊಂಡಳು.

*

ಹೆಡ್‌ಮಾಸ್ಟರ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪಿಟೀಲು ಹೊರಗೆ ನಿಂತು ನೂರರವರೆಗೆ ಎಣಿಸಿದಳು. ಧೈರ್ಯ ಬರಲಿಲ್ಲ. ಮತ್ತೆ ನೂರು ಎಣಿಸಿದಳು. ಮೊಣಕಾಲುಗಳು ತಮ್ಮ ಪಾಡಿಗೆ ತಾವು ಕುಣಿಯುತ್ತಿದ್ದವು. ಬಹುಶಃ ಒಳಗೆ ಹೋದ ಮೇಲೆ ಕೊಡುತ್ತಾನೇನೋ ಎಂದುಕೊಂಡು ಬಾಗಿಲು ತಳ್ಳಿದಳು.

ಹೆಡ್‌ಮಾಸ್ಟರ್ ಬೀರುವಿನ ಕನ್ನಡಿಯ ಮುಂದೆ ನಿಂತು ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕಾಗದ ಹಿಡಿದು ಭಾಷಣ ಒಪ್ಪಿಸುತ್ತಿದ್ದರು. "ತಾವು ನೆಟ್ಟ ಸಸಿ ಇಂದು... ಇಂದು..." ಎಂದು ಅಲ್ಲಿಗೆ ನಿಲ್ಲಿಸಿ, ಪೆನ್ನು ತೆಗೆದು ಒಂದು ಸಾಲು ಹೊಡೆದುಹಾಕಿದರು. ಆಮೇಲೆ ಕನ್ನಡಿಯಲ್ಲಿ ಅವಳನ್ನು ಕಂಡರು.

"ಹೂ ಕೊಡೋ ಹುಡುಗಿ ನೀನೇನಾ? ಹೂವೆಲ್ಲಿ?"

"ಹೂವಿಲ್ಲ ಸಾರ್."

"ಹೂವಿಲ್ವಾ! ಅದೂ ಹೋಯ್ತಾ?"

"ಅಲ್ಲ ಸಾರ್. ನಾನು..." ನಾಲಿಗೆ ಅಂಗುಳಕ್ಕೆ ಅಂಟಿತು. ಅವಳು ಅದನ್ನು ಬಲವಂತವಾಗಿ ಕಿತ್ತಳು. ಕಿತ್ತ ರಭಸಕ್ಕೆ ಎಲ್ಲವೂ ಒಟ್ಟಿಗೆ ಹೊರಗೆ ಬಂತು. "ಗಿಡದ ಮೇಲೆ ಕಾರು ಹತ್ತಿಸಿದ್ದು ನೀವು ಸಾರ್ ನಮ್ಮ ತಾತ ಅಲ್ಲ ಸಾರ್."

ಬಾಚಣಿಗೆ ಮೀಸೆಯ ಹತ್ತಿರ ನಿಂತಿತು.

"ಏನಂದೆ?"

"ನಿನ್ನೆ ಕಾರು ಹಿಂದಕ್ಕೆ ತೆಗೆದ್ರಲ್ಲ ಸಾರ್. ಆಗ."

"ನಾನು? ನಿನ್ನೆ? ಏನೂ ಆಗ್ಲಿಲ್ಲ. ಡಬ್ ಅಂತು. ಅದು ಚಪ್ಪಡಿ. ಅದು ದಿನಾ ಡಬ್ ಅನ್ನುತ್ತೆ."

"ಹೌದು ಸಾರ್, ಡಬ್ ಅಂದಿದ್ದು ಚಪ್ಪಡಿ. ಆಮೇಲೆ ಪಟ್ ಅಂತು. ಪಟ್ ಅಂದಿದ್ದು ಗಿಡ."

ಹೆಡ್‌ಮಾಸ್ಟರ್ ಬಾಚಣಿಗೆ ಕೆಳಗಿಟ್ಟರು. ಪಟ್ ಎಂದದ್ದು ಅವರಿಗೂ ಕೇಳಿಸಿತ್ತು ಎಂದು ಅವರ ಮುಖವೇ ಹೇಳುತ್ತಿತ್ತು. ಅವರು ಮೇಜಿನ ಮೇಲಿನ ಬೆಲ್ಲನ್ನು ಟಣ್ ಎಂದು ಬಡಿದರು. ವಾಚ್‌ಮನ್ ಮಾಮ ಬಾಗಿಲಲ್ಲಿ ಕಾಣಿಸಿಕೊಂಡ.

"ನಿನ್ನೆ ನನ್ನ ಕಾರು ಗಿಡಕ್ಕೆ ತಾಗ್ತಾ?"

ವಾಚ್‌ಮನ್ ಮಾಮ ಹೆಡ್‌ಮಾಸ್ಟರನ್ನು ನೋಡಿದ, ಪಿಟೀಲುವನ್ನು ನೋಡಿದ, ಕೊನೆಗೆ ಫ್ಯಾನು ನೋಡಿದ. "ನಾನು ಏಣಿ ಮೇಲಿದ್ದೆ ಸಾರ್."

"ಏಣಿ ಮೇಲಿಂದ ಇನ್ನೂ ಚೆನ್ನಾಗಿ ಕಾಣುತ್ತಲ್ಲಯ್ಯಾ!"

"ಕಾಣುತ್ತೆ ಸಾರ್. ಆದ್ರೆ ನಾನು ಗೋಡೆ ಕಡೆ ತಿರುಗಿದ್ದೆ."

"ಗೋಡೆ ಕಡೆ ತಿರುಗ್ಕೊಂಡು ಬರ್ಲಿ ಬರ್ಲಿ ಅಂದ್ಯಾ?"

"ನಾನಲ್ಲ ಸಾರ್. ಅಭ್ಯಾಸ."

ವಾಚ್‌ಮನ್ ಮಾಮನನ್ನು ಹೊರಗೆ ಕಳಿಸಿ ಹೆಡ್‌ಮಾಸ್ಟರ್ ಕುರ್ಚಿಯಲ್ಲಿ ಕೂತರು. ಪಿಟೀಲುವನ್ನು ದಿಟ್ಟಿಸಿದರು. ಅವರ ಮುಖ ಕೆಂಪಗಾಗಿತ್ತು.

"ಪ್ರೆಸೆಂಟ್ ಸಾರ್ ಅಂದವಳು ನೀನೇ ಅಲ್ವಾ? ನಿನಗೆ ಹೆದರಿಕೆ ಆಗಲ್ವಾ?"

"ಆಗುತ್ತೆ ಸಾರ್. ತುಂಬಾ." ಅವಳು ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ಬೆರಳುಗಳು ನಡುಗುತ್ತಿದ್ದವು.

"ಮತ್ತೆ ಹೇಗೆ ಬಂದೆ?"

"ದೇವರ ಹತ್ರ ಧೈರ್ಯ ಕೇಳಿದ್ದೆ ಸಾರ್."

"ಕೊಟ್ನಾ?"

"ಇನ್ನೂ ಇಲ್ಲ ಸಾರ್. ಒಳಗೆ ಬಂದ್ಮೇಲೆ ಕೊಡ್ತಾನೇನೋ ಅಂತ ಬಂದೆ. ಇಲ್ಲೂ ಕೊಟ್ಟಿಲ್ಲ."

ಹೆಡ್‌ಮಾಸ್ಟರ್ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಅವರು ಕುರ್ಚಿಯಿಂದ ಚಿಮ್ಮಿ ಎದ್ದರು.

"ಬಂದ್ಬಿಟ್ರು! ಹೋಗು, ಹೋಗಿ ಲೈನಲ್ಲಿ ನಿಂತ್ಕೋ. ಬಾಯಿ ಬಿಡ್ಬೇಡ!"

*

ಗಿಡ ನಿಂತಿತ್ತು!

ಪಿಟೀಲು ಕಣ್ಣುಜ್ಜಿಕೊಂಡು ನೋಡಿದಳು. ಹತ್ತಿರ ಹೋದಾಗ ಗೊತ್ತಾಯಿತು. ಮುರಿದ ಗಿಡವನ್ನು ಯಾರೋ ಕ್ರಿಕೆಟ್ ಸ್ಟಂಪಿಗೆ ಸೇರಿಸಿ, ಬಹುಮಾನಕ್ಕೆ ಕಟ್ಟುವ ಕೆಂಪು ರಿಬ್ಬನ್ ಸುತ್ತಿ ನಿಲ್ಲಿಸಿದ್ದರು. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡ ರೋಗಿಯ ಹಾಗೆ ಅದು ಸೊಟ್ಟಗೆ ನಿಂತಿತ್ತು. ಎಲೆಗಳೆಲ್ಲ ಜೋತುಬಿದ್ದಿದ್ದವು.

ಅದರ ಪಕ್ಕ ತಾತ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನೆಲ ನೋಡುತ್ತಾ ನಿಂತಿದ್ದ. ಅವನ ಕಾಲ ಬಳಿ ಈ ವರ್ಷ ನೆಡುವುದಕ್ಕೆ ತಂದ ಹೊಸ ಸಸಿ ಇತ್ತು.

ದೊಡ್ಡ ಮೇಡಂ ನಿಜವಾಗಿ ಅಷ್ಟೇನೂ ದೊಡ್ಡವರಾಗಿರಲಿಲ್ಲ. ಕುಳ್ಳಗೆ, ಚುರುಕಾಗಿ ಇದ್ದರು. ಆದರೆ ಅವರು ನಡೆದ ಕಡೆಯೆಲ್ಲ ಟೀಚರುಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವರು ಸೀದಾ ಗಿಡದ ಹತ್ತಿರ ಬಂದರು.

"ಓ, ನನ್ನ ಗಿಡ! ಎಷ್ಟು ಎತ್ತರ ಆಗಿದೆ! ಫೋಟೋ ತೆಗೀರಿ" ಎಂದು ಪ್ರೀತಿಯಿಂದ ಅದರ ತುದಿ ಹಿಡಿದುಕೊಂಡರು.

ಫೋಟೋದವನು "ಸ್ಮೈಲ್ ಮೇಡಂ" ಎಂದ. ಮೇಡಂ ನಕ್ಕರು. ರಿಬ್ಬನ್ ಬಿಚ್ಚಿಕೊಂಡಿತು. ಗಿಡ ಅವರ ಕೈಗೆ ಬಂತು. ಸ್ಟಂಪು ಮಾತ್ರ ನೆಲದಲ್ಲಿ ನೆಟ್ಟಗೆ ನಿಂತುಕೊಂಡಿತು.

ಕ್ಯಾಮೆರಾ ಕ್ಲಿಕ್ ಎಂದಿತು.

ಹಿಂದಿನ ಸಾಲಿನ ಒಬ್ಬ ಹುಡುಗ "ಔಟ್!" ಎಂದ. ಲೆಕ್ಕದ ಮಿಸ್ ಅವನ ಕಡೆ ನೋಡಿದ ನೋಟಕ್ಕೆ ಅವನ ಪಕ್ಕದಲ್ಲಿದ್ದವರೂ ಉಸಿರು ನಿಲ್ಲಿಸಿದರು.

"ಏನಿದು?" ಎಂದರು ಮೇಡಂ, ಗಿಡವನ್ನು ಛತ್ರಿಯ ಹಾಗೆ ಹಿಡಿದುಕೊಂಡು. ಈಗ ನಗುತ್ತಿರಲಿಲ್ಲ.

ಹೆಡ್‌ಮಾಸ್ಟರ್ ಕಣ್ಣು ತಾತನ ಕಡೆ ಹೋಯಿತು. ತಾತ ಕೈ ಕಟ್ಟಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ನನ್ನ..." ಎಂದ. "ನನ್ನ ತಪ್ಪು..."

ಪಿಟೀಲು ಮತ್ತೊಮ್ಮೆ ನೋಡಿಕೊಂಡಳು. ಧೈರ್ಯ ಬಂದಿರಲಿಲ್ಲ. ಮೊಣಕಾಲು ಮೊದಲಿಗಿಂತ ಜೋರಾಗಿ ಕುಣಿಯುತ್ತಿತ್ತು. ಇನ್ನು ಕಾಯುತ್ತಾ ಕೂತರೆ ತಾತ ಮಾತು ಮುಗಿಸಿಬಿಡುತ್ತಾನೆ.

ಅವಳು ಆ ಕುಣಿಯುವ ಕಾಲುಗಳಲ್ಲೇ ಸಾಲು ಬಿಟ್ಟು ಹೊರಟಳು. ಕನ್ನಡಕ ಹಿಂದಿನಿಂದ ಲಂಗ ಹಿಡಿದು ಎಳೆದಳು, ಆಮೇಲೆ ಬಿಟ್ಟಳು. ಇಡೀ ಶಾಲೆ ನೋಡುತ್ತಿದ್ದ ಹಾಗೆ ಪಿಟೀಲು ಹೋಗಿ ತಾತನ ಪಕ್ಕ ನಿಂತಳು.

"ತಾತಾ, ಸುಳ್ಳು ಹೇಳ್ಬೇಡ" ಎಂದಳು. ದನಿ ಪೀಪಿಯ ಹಾಗೆ ಹೊರಟಿತು. "ಮೇಡಂ ಎದುರಿಗಿರೋದು ನಿಜ. ಆದ್ರೆ ಅವನು ಹಿಂದೆ ಇದಾನಲ್ಲ."

ಮೇಡಂ ತಾತನ ಬೆನ್ನ ಹಿಂದೆ ಇಣುಕಿ ನೋಡಿದರು. ಅಲ್ಲಿ ಸ್ಟಂಪು ಬಿಟ್ಟರೆ ಯಾರೂ ಇರಲಿಲ್ಲ. "ಯಾರು ಹಿಂದೆ ಇದಾರೆ?"

ತಾತ ಮೊಮ್ಮಗಳನ್ನು ನೋಡಿದ. ಆಮೇಲೆ ಕಟ್ಟಿಕೊಂಡಿದ್ದ ಕೈಗಳನ್ನು ಬಿಚ್ಚಿದ.

"ಮೇಡಂ, ಗಿಡ ನಾನು ಮುರಿದಿಲ್ಲ" ಎಂದ.

"ಮತ್ತೆ ಯಾರು?"

ಟೀಚರುಗಳು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ವಾಚ್‌ಮನ್ ಮಾಮ ಶಾಲೆಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ.

"ಅದು ಮೇಡಂ..." ಎಂದರು ಹೆಡ್‌ಮಾಸ್ಟರ್. ಅಷ್ಟು ಸಣ್ಣ ದನಿ ಅವರ ಗಂಟಲಲ್ಲಿ ಇದೆ ಎಂದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಿನ್ನೆ ನನ್ನ ಕಾರು... ನಾನು ಚಪ್ಪಡಿ ಅಂದ್ಕೊಂಡೆ."

ಅವರ ಕೈಯಲ್ಲಿದ್ದ ಭಾಷಣದ ಕಾಗದ ಪಟಪಟ ಎನ್ನುತ್ತಿತ್ತು. ಗಾಳಿ ಬೀಸುತ್ತಿದೆಯೇ ಎಂದು ಪಿಟೀಲು ಮರಗಳನ್ನು ನೋಡಿದಳು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಅಲ್ರೀ, ಕಾರು ತಿರುಗಿಸೋ ಜಾಗದಲ್ಲಿ ಯಾರಾದ್ರೂ ಗಿಡ ನೆಡ್ತಾರೇನ್ರೀ?" ಎಂದು ಗದರಿದರು ಮೇಡಂ. "ಈ ಜಾಗ ಆರಿಸಿದ್ದು ಯಾವ ಬುದ್ಧಿವಂತ?"

ಹೆಡ್‌ಮಾಸ್ಟರ್ ಭಾಷಣದ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ನೀವೇ ಮೇಡಂ" ಎಂದ ತಾತ.

ಲೆಕ್ಕದ ಮಿಸ್ ಕಣ್ಣು ಮುಚ್ಚಿಕೊಂಡರು.

"ನಾನಾ?"

"ಹೋದ ವರ್ಷ ನಾನು ಹೇಳ್ದೆ, ಇಲ್ಲಿ ಬೇಡ ಮೇಡಂ, ಆ ಕಡೆ ನಲ್ಲಿ ಹತ್ರ ನೆಡೋಣ, ನೆರಳೂ ಇದೆ ನೀರೂ ಇದೆ ಅಂತ. ಫೋಟೋಗೆ ಬೆಳಕು ಇಲ್ಲೇ ಚೆನ್ನಾಗಿ ಬೀಳುತ್ತೆ ಅಂದ್ರಿ ನೀವು. ನಿಮಗಿಂತ ಮುಂಚೆ ಬಂದವರೂ ಹಾಗೇ ಅಂದ್ರು. ಅವರವೆಲ್ಲ ಒಣಗಿದ್ವು. ನಿಮ್ದು ಒಂದು ಉಳಿದಿತ್ತು." ತಾತ ಗಿಡದ ಕಡೆ ಕೈ ತೋರಿಸಿದ. "ಕಷ್ಟಪಟ್ಟು ಬೆಳೆಸಿದ್ದೆ ಮೇಡಂ."

ಮೇಡಂ ಕೈಯಲ್ಲಿದ್ದ ಗಿಡವನ್ನು ನೋಡಿದರು. ಬುಡದ ಹತ್ತಿರ ಅದು ಹೆಬ್ಬೆರಳಿನಷ್ಟು ದಪ್ಪವಿತ್ತು. ಅವರು ಬಯ್ಯುತ್ತಾರೆ ಎಂದು ಎಲ್ಲರೂ ಕಾದರು. ಮೇಡಂ ಕೂಡ ಅದಕ್ಕೇ ಕಾಯುತ್ತಿದ್ದ ಹಾಗಿತ್ತು. ಕೊನೆಗೆ ಬಾಯಿಂದ ಬಂದದ್ದು, "ನಲ್ಲಿ ಎಲ್ಲಿದೆ?"

ತಾತ ಹೊಸ ಸಸಿ ಎತ್ತಿಕೊಂಡು ಮುಂದೆ ನಡೆದ. ಅವನ ಹಿಂದೆ ಮೇಡಂ, ಅವರ ಹಿಂದೆ ಹೆಡ್‌ಮಾಸ್ಟರ್, ಅವರ ಹಿಂದೆ ಟೀಚರುಗಳು. ಎಲ್ಲರಿಗಿಂತ ಹಿಂದೆ ಫೋಟೋದವನು ಗೊಣಗುತ್ತಾ ಹೋದ, "ಅಲ್ಲಿ ಬೆಳಕೇ ಇಲ್ಲ ಸಾರ್."

*

ಹನ್ನೆರಡು ಗಂಟೆಗೆ ಮೇಡಂ ಹೊರಟರು. ಹೊರಡುವಾಗ ಹೆಡ್‌ಮಾಸ್ಟರಿಗೆ ಏನು ಹೇಳಿದರೋ ಗೊತ್ತಿಲ್ಲ. ಕಾರಿನ ಗಾಜು ಸ್ವಲ್ಪವೇ ಇಳಿಸಿ ಮೆಲ್ಲಗೆ ಹೇಳಿದರು. ಹೆಡ್‌ಮಾಸ್ಟರ್ ಏಳು ಸಲ ತಲೆಯಾಡಿಸಿದ್ದನ್ನು ಮಾತ್ರ ಕನ್ನಡಕ ಎಣಿಸಿದಳು.

ಆಮೇಲೆ ಅವರು ತಮ್ಮ ಕೋಣೆಗೆ ಹೋಗುವ ದಾರಿಯಲ್ಲಿ ನಲ್ಲಿಯ ಹತ್ತಿರ ನಿಂತರು. ತಾತನ ಮುಖ ನೋಡಲಿಲ್ಲ. ಸಸಿಯನ್ನು ನೋಡುತ್ತಾ ಹೇಳಿದರು, "ಇದಕ್ಕೆ ದಿನಾ ನೀರು ಬೇಕಾ?"

"ಬೇಕು ಸಾರ್. ಎರಡು ಹೊತ್ತು."

"ಹಾಗಾದ್ರೆ ನಾಳೆ ತಡ ಮಾಡ್ಬೇಡ. ಬೇಗ ಬಾ." ಅಷ್ಟು ಹೇಳಿ ಸರಸರ ನಡೆದುಬಿಟ್ಟರು. ಸಾರಿ ಎನ್ನಲಿಲ್ಲ. ದೊಡ್ಡವರಿಗೆ ಆ ಪದ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ.

ಊಟದ ಬೆಲ್ ಹೊಡೆಯಿತು. ಪಿಟೀಲು ಒಂದೇ ಉಸಿರಿಗೆ ನಲ್ಲಿಯ ಹತ್ತಿರ ಓಡಿದಳು. ತಾತ ಬಗ್ಗಿ ಹೊಸ ಸಸಿಯ ಸುತ್ತ ಮಣ್ಣು ಒತ್ತುತ್ತಿದ್ದ.

"ತಾತಾ! ನೀವೇ ಮೇಡಂ ಅಂದ್ಬಿಟ್ಯಲ್ಲ! ಅವರ ಮುಖಕ್ಕೇ! ಮಿಸ್ ಕಣ್ಣು ಮುಚ್ಕೊಂಡ್ರು ಗೊತ್ತಾ? ವಾಚ್‌ಮನ್ ಮಾಮ ಇದ್ದಾನಲ್ಲ, ಅವನು..."

"ಸ್ವಲ್ಪ ಉಸಿರು ತಗೊಳೇ" ಎಂದ ತಾತ. "ನಿಮ್ಮಮ್ಮನಿಗೆ ನಾನೇ ಹೇಳ್ತೀನಿ. ನೀನು ಹೇಳಿದ್ರೆ ಊಟಕ್ಕೆ ಕೂತವರು ಏಳೋ ಹೊತ್ತಿಗೆ ಬೆಳಗಾಗುತ್ತೆ."

ಅವನು ನೀರಿನ ಕ್ಯಾನು ಎತ್ತಿ ಸಸಿಯ ಬುಡಕ್ಕೆ ಬಗ್ಗಿಸಿದ.

ಪಿಟೀಲುವಿಗೆ ಒಂದು ಪ್ರಶ್ನೆ ಇತ್ತು. ಮೇಡಂ ಹೋದಾಗಿನಿಂದ ಅದನ್ನೇ ಇಟ್ಟುಕೊಂಡಿದ್ದಳು. ನನಗಂತೂ ಧೈರ್ಯ ಕೊನೆಯವರೆಗೂ ಬರಲೇ ಇಲ್ಲ, ನಿನಗೆ ಯಾವಾಗ ಬಂತು, ಹೇಗೆ ಬಂತು, ಬಂದದ್ದು ಹೇಗೆ ಗೊತ್ತಾಯಿತು ಎಂದು ಕೇಳಬೇಕಿತ್ತು. ಕೇಳಲು ಬಾಯಿ ತೆರೆದಳು.

ಕ್ಯಾನಿನಿಂದ ನೀರು ನೇರವಾಗಿ ಬೀಳುತ್ತಿರಲಿಲ್ಲ. ಒಮ್ಮೆ ಸಸಿಯ ಬುಡಕ್ಕೆ, ಒಮ್ಮೆ ತಾತನ ಪಾದದ ಮೇಲೆ, ಒಮ್ಮೆ ಕಲ್ಲಿನ ಮೇಲೆ ಹಾರಿ ಹಾರಿ ಬೀಳುತ್ತಿತ್ತು. ತಾತ ಕ್ಯಾನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ. ಆದರೂ ಅದು ಅಲ್ಲಾಡುವುದು ನಿಲ್ಲುತ್ತಿರಲಿಲ್ಲ.

ಪಿಟೀಲು ಬಾಯಿ ಮುಚ್ಚಿದಳು. ಪಕ್ಕಕ್ಕೆ ಬಂದು ಕ್ಯಾನಿನ ತಳಕ್ಕೆ ತನ್ನ ಎರಡೂ ಕೈ ಕೊಟ್ಟಳು.

ಅವಳ ಕೈಯೂ ನಡುಗುತ್ತಿತ್ತು. ನೀರು ಇನ್ನಷ್ಟು ಸೊಟ್ಟಗೆ ಬೀಳತೊಡಗಿತು. ಆದರೂ ಬುಡದ ಮಣ್ಣೆಲ್ಲ ಚೆನ್ನಾಗಿ ನೆನೆಯಿತು.